ಮುಖ ನೋಡುವ ಹಂಬಲ, ಕಣ್ಣು ಕೊಟ್ಟ ಕಣ್ಣಪ್ಪ

ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ‘ಮಣ್ಣಿಗೆ ಹೋಗಬೇಕು’ ಎಂದು ಹೊರಡುತ್ತಾರೆ. ಹೋದವರು ಮೊದಲು ಮಾಡುವ ಕೆಲಸ ಮುಖ ನೋಡುವುದು. ಮನೆಯವರು ಬಟ್ಟೆ ಸರಿಸಿ ಒಂದು ಸಲ ಮುಖ ತೋರಿಸುತ್ತಾರೆ. ಬಂದವರು ನೋಡಿ, ಅತ್ತು, ಹೂವು ಹಾಕಿ, ಹಿಂದಿನವರಿಗೆ ಜಾಗ ಬಿಟ್ಟು ಸರಿಯುತ್ತಾರೆ. ದೂರದೂರಿಗೆ ಕೊಟ್ಟ ಮಗಳು ಬಂದು ಮುಟ್ಟುವತನಕ ಶವ ಎತ್ತುವುದಿಲ್ಲ. ಅವಳು ಬರುವ ಮೊದಲೇ ಮಣ್ಣು ಮಾಡಿಬಿಟ್ಟರೆ ಅಣ್ಣತಮ್ಮಂದಿರೊಡನೆ ಅವಳು ಹತ್ತು ವರ್ಷ ಮಾತು ಬಿಟ್ಟರೂ ಆಶ್ಚರ್ಯವಿಲ್ಲ. ‘ನಮ್ಮಪ್ಪನ ಮುಖವನ್ನೂ ತೋರಿಸಲಿಲ್ಲ’ ಎನ್ನುವುದು ನಮ್ಮ ಕಡೆ ಆಸ್ತಿಯ ತಕರಾರಿಗಿಂತ ದೊಡ್ಡ ದೂರು.

ಸಿನಿಮಾ ನಟನೊಬ್ಬ ತೀರಿಕೊಂಡಾಗ ನಮ್ಮ ಜನ ನಡೆದುಕೊಳ್ಳುವ ರೀತಿಯನ್ನು ಅರ್ಥಮಾಡಿಕೊಳ್ಳಲು ಈ ಹಳ್ಳಿಯ ಪದ್ಧತಿಯಿಂದಲೇ ಹೊರಡಬೇಕು ಎಂದು ನನಗನ್ನಿಸುತ್ತದೆ. ಇಂಥ ಸಾವಿನ ಮರುದಿನ ಪತ್ರಿಕೆಗಳಲ್ಲಿ ಒಂದು ಕಡೆ ‘ಜನಸಾಗರ’ ಎಂಬ ಮಾತಿರುತ್ತದೆ, ಇನ್ನೊಂದು ಕಡೆ ‘ಅಂಧಾಭಿಮಾನ’ ಎಂಬ ಬೈಗುಳವಿರುತ್ತದೆ. ಜನ ಏಕೆ ಬಂದರು, ಬಂದವರು ಏನನ್ನು ಬಯಸಿದರು ಎಂಬುದು ಈ ಎರಡರಲ್ಲೂ ಇರುವುದಿಲ್ಲ. ಅವರು ಬಯಸಿದ್ದು ಬಹಳ ಸರಳವಾದದ್ದು. ಒಂದು ಸಲ ಮುಖ ನೋಡಬೇಕು, ಅಷ್ಟೆ. ತೊಡಕು ಇರುವುದು ಲೆಕ್ಕದಲ್ಲಿ. ಹಳ್ಳಿಯ ಮನೆಯ ಮುಂದೆ ಇನ್ನೂರು ಜನ ಸೇರುತ್ತಾರೆ, ಇಲ್ಲಿ ಲಕ್ಷ ಲಕ್ಷ ಜನ. ಮುಖ ಮಾತ್ರ ಒಂದೇ.

ಕನ್ನಡದಲ್ಲಿ ಇದನ್ನು ಹೋಲಿಸಿ ನೋಡಲು ಎರಡು ಸಾವುಗಳಿವೆ. ಎರಡೂ ಒಂದೇ ಮನೆಯವು. ಎರಡರಲ್ಲೂ ಪಾರ್ಥಿವ ಶರೀರವನ್ನು ಇರಿಸಿದ್ದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, ಮಣ್ಣು ಮಾಡಿದ್ದು ಕಂಠೀರವ ಸ್ಟುಡಿಯೋದಲ್ಲಿ. ನಡುವೆ ಹದಿನೈದು ವರ್ಷಗಳ ಅಂತರ. ನಡೆದದ್ದು ಮಾತ್ರ ಅಜಗಜಾಂತರ.

2006ರ ಏಪ್ರಿಲ್ 12, ಬುಧವಾರ. ಮಧ್ಯಾಹ್ನ ಸದಾಶಿವನಗರದ ಮನೆಯಲ್ಲಿದ್ದ ಡಾ. ರಾಜ್‌ಕುಮಾರ್ ಇದ್ದಕ್ಕಿದ್ದಂತೆ ಕುಸಿದರು. ಆಸ್ಪತ್ರೆಗೆ ಸೇರಿಸಿದರೂ ಫಲವಾಗಲಿಲ್ಲ. ಆಗ ಅವರಿಗೆ 76 ವರ್ಷ. 77ನೇ ಹುಟ್ಟುಹಬ್ಬಕ್ಕೆ ಇನ್ನು ಹನ್ನೆರಡೇ ದಿನ ಉಳಿದಿತ್ತು. ಅವರ ಕೊನೆಯ ಚಿತ್ರ ‘ಶಬ್ದವೇಧಿ’ ಬಿಡುಗಡೆಯಾಗಿ ಆರು ವರ್ಷಗಳಾಗಿದ್ದವು. ಹೊಸ ಚಿತ್ರವಿಲ್ಲದ, ವಯಸ್ಸಾದ ನಟನ ಸಾವು ಊರನ್ನು ಇಷ್ಟು ಅಲ್ಲಾಡಿಸೀತು ಎಂದು ಬಹುಶಃ ಯಾರೂ ಎಣಿಸಿರಲಿಲ್ಲ. ಸುದ್ದಿ ಹಬ್ಬಿದ ಗಂಟೆಯೊಳಗೆ ಅಂಗಡಿಗಳು ಬಾಗಿಲು ಹಾಕಿದವು, ಬಸ್ಸುಗಳು ನಿಂತವು. ಜನ ಆಸ್ಪತ್ರೆಯತ್ತ ಹೊರಟರು, ಅಲ್ಲಿಂದ ಮನೆಯತ್ತ, ಮನೆಯಿಂದ ಕ್ರೀಡಾಂಗಣದತ್ತ. ಮರುದಿನವೇ ಅಂತ್ಯಕ್ರಿಯೆ ಎಂದಾಯಿತು. ಮೈಸೂರು, ಮಂಡ್ಯ, ಚಾಮರಾಜನಗರಗಳಿಂದ ರಾತ್ರಿ ಹೊರಟವರು ಬೆಳಗ್ಗೆ ಬಂದಿಳಿದಾಗ ಕ್ರೀಡಾಂಗಣದ ಸುತ್ತಲ ರಸ್ತೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಖ ನೋಡಿದವರಿಗಿಂತ ನೋಡಲಾಗದೆ ಉಳಿದವರೇ ಹೆಚ್ಚು. ನೂಕುನುಗ್ಗಲು, ಲಾಠಿ, ಕಲ್ಲು, ಅಶ್ರುವಾಯು, ಕೊನೆಗೆ ಗುಂಡು. ಸ್ಟುಡಿಯೋದಲ್ಲಿ ಅಂತ್ಯವಿಧಿಗಳನ್ನು ಗಡಿಬಿಡಿಯಲ್ಲಿ ಮುಗಿಸಬೇಕಾಯಿತು. ಎರಡು ದಿನಗಳ ಗಲಭೆಯಲ್ಲಿ ಒಬ್ಬ ಪೊಲೀಸ್ ಪೇದೆಯೂ ಸೇರಿದಂತೆ ಎಂಟು ಮಂದಿ ಸತ್ತರು.

ಈ ಎಂಟು ಸಾವುಗಳನ್ನು ಪ್ರೀತಿಯ ಹೆಸರಿನಲ್ಲಿ ಮರೆಮಾಚುವುದು ಸಲ್ಲದು. ಆ ಪೇದೆಗೂ ಒಂದು ಮನೆಯಿತ್ತು, ಅವನ ಮುಖ ನೋಡಲು ಕಾದವರೂ ಇದ್ದರು. ಕಲ್ಲು ಹೊಡೆದವರೆಲ್ಲ ಅಭಿಮಾನಿಗಳಲ್ಲ, ಗುಂಪಿನಲ್ಲಿ ಸೇರಿಕೊಂಡ ಪುಂಡರು ಎಂಬ ಸಮಜಾಯಿಷಿಯನ್ನು ಆಗ ಬಹಳ ಮಂದಿ ಹೇಳಿದರು. ಅದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಪುಂಡನಿಗೆ ಅವಕಾಶ ಸಿಗುವುದು ಗುಂಪು ಕೆರಳಿದಾಗ ಮಾತ್ರ. ಗುಂಪು ಕೆರಳಿದ್ದು ಮುಖ ತೋರಿಸಲಿಲ್ಲ ಎಂಬ ಹಳೆಯ ಗ್ರಾಮೀಣ ಸಂಕಟದಿಂದ.

ಇದಕ್ಕೆ ಇನ್ನೊಂದು ಪದರವೂ ಉಂಟು. ನೆರೆಯ ತಮಿಳುನಾಡಿನಲ್ಲಿ ಎಂ.ಜಿ. ರಾಮಚಂದ್ರನ್ 1987ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗಲೂ ಮದ್ರಾಸಿನಲ್ಲಿ ಗಲಭೆಯಾಯಿತು. ಆದರೆ ಎಂ.ಜಿ.ಆರ್. ಮುಖ್ಯಮಂತ್ರಿಯಾಗಿದ್ದರು. ಆಂಧ್ರದ ಎನ್.ಟಿ. ರಾಮರಾವ್ ಕೂಡ ಆ ಗದ್ದುಗೆಯಲ್ಲಿ ಕೂತವರು. ರಾಜ್‌ಕುಮಾರ್ ಒಂದು ಚುನಾವಣೆಗೂ ನಿಲ್ಲಲಿಲ್ಲ. ಆದರೂ 1982ರ ಗೋಕಾಕ್ ಚಳವಳಿಗೆ ಅವರು ಧುಮುಕಿದ ಮೇಲೆ ಭಾಷೆಯ ಮಾನವೇ ಅವರೊಬ್ಬರ ಹೆಗಲೇರಿತು. ದಕ್ಷಿಣದ ತಾರೆಯರ ಬಗ್ಗೆ ‘ಸಿನಿ-ಪಾಲಿಟಿಕ್ಸ್’ ಎಂಬ ಗ್ರಂಥ ಬರೆದ ಎಂ. ಮಾಧವ ಪ್ರಸಾದ್ ಎಂ.ಜಿ.ಆರ್., ಎನ್.ಟಿ.ಆರ್. ಜೊತೆಗೆ ರಾಜ್‌ಕುಮಾರ್ ಅವರನ್ನೂ ಸೇರಿಸಿ ಚರ್ಚಿಸಿರುವುದು ಈ ಕಾರಣಕ್ಕೇ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಗಾಜನೂರಿನಿಂದ ಅವರನ್ನು ಅಪಹರಿಸಿ 108 ದಿನ ಕಾಡಿನಲ್ಲಿಟ್ಟುಕೊಂಡಾಗ ಊರೆಲ್ಲ ಉಸಿರು ಬಿಗಿಹಿಡಿದು ಕೂತಿತ್ತು. ಅವರ ಜೀವಕ್ಕೆ ಏನಾದರೂ ಆದರೆ ಏನು ಗತಿ ಎಂಬ ಅಂದಿನ ಅಂಜಿಕೆ 2006ರವರೆಗೂ ಒಳಗೇ ಉಳಿದಿತ್ತು ಎಂದರೆ ತಪ್ಪಾಗಲಾರದು.

ಇನ್ನು ಎರಡನೆಯದು. 2021ರ ಅಕ್ಟೋಬರ್ 29, ಶುಕ್ರವಾರ. ರಾಜ್‌ಕುಮಾರ್ ಅವರ ಕಿರಿಯ ಮಗ ಪುನೀತ್ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 46. ಹತ್ತು ವರ್ಷದ ಹುಡುಗನಾಗಿದ್ದಾಗಲೇ ‘ಬೆಟ್ಟದ ಹೂವು’ ಚಿತ್ರದಲ್ಲಿ ನಟಿಸಿ ರಾಷ್ಟ್ರಪ್ರಶಸ್ತಿ ಪಡೆದವರು. ಕನ್ನಡಿಗರು ಕಣ್ಣೆದುರೇ ಬೆಳೆಯುವುದನ್ನು ನೋಡಿದ ಹುಡುಗ. ವಯಸ್ಸಾದ ತಂದೆಯ ಸಾವಿಗಿಂತ ಈ ಸಾವು ಕಠೋರವಾಗಿತ್ತು. ಹಾಗಾಗಿ 2006 ಮರುಕಳಿಸುತ್ತದೆಂದು ಹೆದರಿದವರು ಬಹಳ. ಬೆಂಗಳೂರಿನಲ್ಲಿ ಮದ್ಯದಂಗಡಿಗಳನ್ನು ಮುಚ್ಚಿಸಿದರು, ಪೊಲೀಸ್ ಬಂದೋಬಸ್ತ್ ಬಿಗಿಯಾಯಿತು. ಆದರೆ ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಬೇರೆ ಇತ್ತು. ಶುಕ್ರವಾರ ಸಂಜೆಯಿಂದ ಭಾನುವಾರ ಬೆಳಗಿನ ಜಾವದವರೆಗೆ ಕ್ರೀಡಾಂಗಣದಲ್ಲಿ ಮುಖ ನೋಡಲು ಅವಕಾಶವಿತ್ತು. ಎರಡು ರಾತ್ರಿ. ರಾಯಚೂರಿನವರೂ, ಬೀದರಿನವರೂ ಬಂದು ತಲುಪಲು ಸಾಲುವಷ್ಟು ಹೊತ್ತು. ಸಾಲು ಮುಂದೆ ಸರಿಯುತ್ತಿದೆ, ತನ್ನ ಸರದಿ ಬರುತ್ತದೆ ಎಂಬ ಭರವಸೆಯಿದ್ದವನು ಕಲ್ಲು ಹುಡುಕುವುದಿಲ್ಲ.

ಈ ಹೊತ್ತು ಸಿಕ್ಕಿದ್ದು ಯಾವ ಕಾರಣದಿಂದ? ಅಂತ್ಯಕ್ರಿಯೆ ಶನಿವಾರವೇ ನಡೆಯುತ್ತದೆ ಎಂಬ ಮಾತು ಮೊದಲು ಇತ್ತು. ಅಮೆರಿಕದಲ್ಲಿದ್ದ ಹಿರಿಯ ಮಗಳು ಬರುವುದು ಶನಿವಾರ ಸಂಜೆಯಾಯಿತು. ಅವಳಿಗಾಗಿ ಕಾದರು. ಎಲ್ಲಿ ನೋಡಿ, ಹಳ್ಳಿಯ ಪದ್ಧತಿ ಮತ್ತೆ ಎದುರಾಯಿತು: ಮಗಳು ಬರುವತನಕ ಶವ ಎತ್ತುವುದಿಲ್ಲ. ಒಬ್ಬಳು ಮಗಳಿಗಾಗಿ ಮನೆಯವರು ಕಾದದ್ದರಿಂದ ಲಕ್ಷಾಂತರ ಜನರಿಗೆ ಮುಖ ಸಿಕ್ಕಿತು. ಆ ಹುಡುಗಿಯ ದುಃಖದ ಗೌರವ ಎಲ್ಲರಿಗೂ ಅರ್ಥವಾಗುವಂಥದ್ದು. ಸಾಲಿನಲ್ಲಿ ನಿಂತವರೂ ಅವಳಿಗಾಗಿ ಕಾಯುತ್ತಿದ್ದರು. ಭಾನುವಾರ ಬೆಳಕು ಹರಿಯುವ ಮೊದಲೇ ಶರೀರವನ್ನು ಸ್ಟುಡಿಯೋಕ್ಕೆ ಒಯ್ದು, ಸರ್ಕಾರಿ ಗೌರವದೊಂದಿಗೆ ತಂದೆತಾಯಿಯರ ಸಮಾಧಿಯ ಬಳಿ ಮಣ್ಣು ಮಾಡಿದರು. ಒಳಗೆ ಜನರನ್ನು ಬಿಡಲಿಲ್ಲ, ಎಲ್ಲರೂ ಟಿ.ವಿ.ಯಲ್ಲಿ ನೋಡಿದರು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಬಾಗಿ ಪುನೀತ್ ಹಣೆಗೆ ಮುತ್ತಿಟ್ಟದ್ದನ್ನೂ ನೋಡಿದರು. ಶಿಷ್ಟಾಚಾರದ ಯಾವ ಪುಸ್ತಕದಲ್ಲೂ ಇಲ್ಲದ ಆ ನಡತೆ ಬಂದೂಕಿನ ಗೌರವಕ್ಕಿಂತ ಹೆಚ್ಚು ಜನರ ಮನಸ್ಸಿನಲ್ಲಿ ಉಳಿದಿದೆ.

ಹಾಗೆಂದು ಎಲ್ಲವೂ ಸುಸೂತ್ರವಾಗಿತ್ತು ಎನ್ನಲಾಗದು. ಸುದ್ದಿಯ ಆಘಾತಕ್ಕೆ ಎದೆಯೊಡೆದು ಸತ್ತವರಿದ್ದರು, ಜೀವ ಕಳೆದುಕೊಂಡ ಎಳೆಯರಿದ್ದರು. ಮನೆಯವರು ತಮ್ಮ ದುಃಖವನ್ನು ಬದಿಗಿಟ್ಟು, ಹೀಗೆ ಮಾಡಬೇಡಿ, ನಿಮ್ಮ ಮನೆಯವರನ್ನು ನೋಡಿಕೊಳ್ಳಿ ಎಂದು ಅಭಿಮಾನಿಗಳನ್ನು ಬೇಡಿಕೊಳ್ಳಬೇಕಾಯಿತು.

ಮುಂದಿನ ದಿನಗಳ ಆಚರಣೆಗಳನ್ನು ಗಮನಿಸಿದರೆ ಅಭಿಮಾನಿ ತನ್ನನ್ನು ಏನೆಂದು ತಿಳಿದಿದ್ದಾನೆ ಎಂಬುದು ಸ್ಪಷ್ಟವಾಗುತ್ತದೆ. ಐದನೆಯ ದಿನ ಕುಟುಂಬದವರು ಹಾಲು-ತುಪ್ಪ ಬಿಟ್ಟರು. ಊರೂರುಗಳ ಸರ್ಕಲ್ಲಿನಲ್ಲಿ ಭಾವಚಿತ್ರವಿಟ್ಟು ಜನರೂ ಹಾಲು-ತುಪ್ಪ ಎರೆದರು. ಎಷ್ಟೋ ಹಳ್ಳಿಗಳಲ್ಲಿ ಯುವಕರು ತಲೆ ಬೋಳಿಸಿಕೊಂಡರು. ನಮ್ಮಲ್ಲಿ ತಲೆ ಬೋಳಿಸಿಕೊಳ್ಳುವವನು ಮಗ, ಇಲ್ಲವೇ ತಮ್ಮ. ನವೆಂಬರ್ 9ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕುಟುಂಬದವರು ಅಭಿಮಾನಿಗಳಿಗೆ ಅನ್ನಸಂತರ್ಪಣೆ ಮಾಡಿದರು. ತಿಥಿಯ ಊಟಕ್ಕೆ ಕರೆಯುವುದು ಬಂಧುಬಳಗವನ್ನು. ಅಂದು ಅಲ್ಲಿ ಉಂಡವರು ಬಳಗದವರೆಂದು ಮನೆಯವರೇ ಒಪ್ಪಿಕೊಂಡಂತಾಯಿತು. ‘ಅಭಿಮಾನಿ ದೇವರುಗಳೇ’ ಎಂದು ರಾಜ್‌ಕುಮಾರ್ ಕೈಮುಗಿಯುತ್ತಿದ್ದದ್ದು ಎಲ್ಲರಿಗೂ ಗೊತ್ತು. ದೇವರು ಎಂದರೆ ಗರ್ಭಗುಡಿಯ ಆಚೆ ಈಚೆಯ ದೂರವಿರುತ್ತದೆ. ಆದರೆ ಸಾವಿನ ಮನೆಯಲ್ಲಿ ಜನ ದೇವರಾಗಲು ಒಪ್ಪಲಿಲ್ಲ. ಹೆಗಲು ಕೊಡುವ ನೆಂಟರಾದರು.

ಮುಖ ನೋಡಿದ ಮೇಲೆ ಹೋಗಿ ನಿಲ್ಲಲು ಒಂದು ಜಾಗವೂ ಬೇಕು. ಅದು ಎಲ್ಲರಿಗೂ ದಕ್ಕಿಲ್ಲ. 2009ರ ಡಿಸೆಂಬರ್ 30ರಂದು ತೀರಿಕೊಂಡ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ಬೆಂಗಳೂರಿನ ಅಭಿಮಾನ್ ಸ್ಟುಡಿಯೋದಲ್ಲಿ ನಡೆಯಿತು. ಆ ಜಾಗ ವ್ಯಾಜ್ಯದಲ್ಲಿ ಸಿಕ್ಕಿಕೊಂಡಿತು. ಸರ್ಕಾರ ಮೈಸೂರಿನ ಬಳಿ ಕಟ್ಟಿದ ಸ್ಮಾರಕ 2023ರಲ್ಲಿ ತೆರೆಯಿತು. ಬೆಂಗಳೂರಿನ ಸಮಾಧಿಯನ್ನು 2025ರ ಆಗಸ್ಟ್‌ನಲ್ಲಿ ನೆಲಸಮ ಮಾಡಲಾಯಿತು. ಹದಿನೈದು ವರ್ಷಗಳ ಹಿಂದಿನ ಸಾವಿಗೆ ಮತ್ತೊಮ್ಮೆ ಸೂತಕ ಹಿಡಿದಂತೆ ಅಭಿಮಾನಿಗಳು ಅಂದು ಅತ್ತರು. ಕಾನೂನಿನ ಕಣ್ಣಿಗೆ ಅದು ಒಂದು ಕಟ್ಟಡ. ಪ್ರತಿ ವರ್ಷ ಅಲ್ಲಿಗೆ ಹೋಗಿ ಹೂವಿಟ್ಟವನಿಗೆ ಹಾಗಲ್ಲ.

ಶಂಕರ್‌ನಾಗ್ ಅವರ ಕಥೆ ಇದಕ್ಕೆ ತದ್ವಿರುದ್ಧ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 36 ತುಂಬಿರಲಿಲ್ಲ. ಜನ ಸಾಲುಗಟ್ಟಿ ಹೋಗುವ ಸಮಾಧಿ ಅವರಿಗಿಲ್ಲ. ರಂಗಾಸಕ್ತರಿಗೆ 2004ರಲ್ಲಿ ತೆರೆದ ‘ರಂಗಶಂಕರ’ ಇದೆ. ಮಿಕ್ಕವರಿಗೆ ಆಟೊರಿಕ್ಷಾದ ಬೆನ್ನು ಇದೆ. 1980ರ ‘ಆಟೋ ರಾಜ’ ಚಿತ್ರದ ಋಣವನ್ನು ಚಾಲಕರು ಇಂದಿಗೂ ತೀರಿಸುತ್ತಿದ್ದಾರೆ. ಆ ಚಿತ್ರ ಬಂದಾಗ ಹುಟ್ಟೇ ಇರದ ಹುಡುಗರ ಆಟೊಗಳಲ್ಲೂ ಅವರ ಚಿತ್ರವುಂಟು. ಸಿಗ್ನಲ್ಲಿನಲ್ಲಿ ಹಿಂದಿನ ಗಾಡಿಯವರೆಲ್ಲ, ಬೇಕೋ ಬೇಡವೋ, ಅವರ ಮುಖ ನೋಡಿಯೇ ಮುಂದೆ ಹೋಗಬೇಕು.

ಮತ್ತೆ ಮುಖಕ್ಕೆ, ಕಣ್ಣಿಗೆ ಬಂದೆವು. ಇಲ್ಲಿಂದ ನಾನು ಹೇಳಹೊರಟದ್ದು ಕನ್ನಡಕ್ಕೇ ವಿಶಿಷ್ಟವಾದ ಒಂದು ಸಂಗತಿ.

ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜ್ ಎಂಬ ನಾಟಕದ ಕಂಪನಿಯ ಹುಡುಗ ರಾಜ್‌ಕುಮಾರ್ ಆದದ್ದು 1954ರಲ್ಲಿ, ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ ಚಿತ್ರದಿಂದ. ಕಣ್ಣಪ್ಪನ ಕಥೆ ನಮ್ಮ ಜನಕ್ಕೆ ಹೊಸದಲ್ಲ. ಹರಿಹರನ ರಗಳೆಯಿಂದ ಕಂಪನಿ ನಾಟಕದವರೆಗೆ ಹರಿದುಬಂದದ್ದು. ಬೇಟೆಗಾರನೊಬ್ಬ ಕಾಡಿನ ಲಿಂಗಕ್ಕೆ ಮನಸೋಲುತ್ತಾನೆ. ಲಿಂಗದ ಕಣ್ಣಿನಲ್ಲಿ ರಕ್ತ ಬರುತ್ತದೆ. ತನ್ನ ಕಣ್ಣು ಕಿತ್ತು ಅಲ್ಲಿ ಇಡುತ್ತಾನೆ. ಇನ್ನೊಂದು ಕಣ್ಣಿನಲ್ಲೂ ರಕ್ತ ಬರುತ್ತದೆ. ಎರಡನೆಯದನ್ನೂ ಕೀಳಬೇಕು, ಆದರೆ ಕಿತ್ತ ಮೇಲೆ ಜಾಗ ಕಾಣುವುದು ಹೇಗೆ? ಗುರುತಿಗೆಂದು ಲಿಂಗದ ಮೇಲೆ ತನ್ನ ಕಾಲನ್ನೇ ಊರುತ್ತಾನೆ. ಆಗ ಶಿವ ತಡೆಯುತ್ತಾನೆ. ನೋಡುವುದೇ ಭಕ್ತಿ ಎಂದುಕೊಂಡಿದ್ದವನು ನೋಟವನ್ನೇ ಕೊಡಲು ಹೊರಟದ್ದು ಈ ಕಥೆಯ ತಿರುಳು.

1988ರಲ್ಲಿ ಅದೇ ಕಥೆ ‘ಶಿವ ಮೆಚ್ಚಿದ ಕಣ್ಣಪ್ಪ’ ಎಂಬ ಹೆಸರಿನಲ್ಲಿ ಮತ್ತೆ ಚಿತ್ರವಾಯಿತು. ಕಣ್ಣಪ್ಪನಾದವರು ಶಿವರಾಜ್‌ಕುಮಾರ್. ಬಾಲ್ಯದ ಕಣ್ಣಪ್ಪ ಪುನೀತ್. ಶಿವನಾಗಿ ಕಾಣಿಸಿಕೊಂಡವರು ರಾಜ್‌ಕುಮಾರ್. ಹೀಗೆ ತಂದೆಯೂ ಇಬ್ಬರು ಮಕ್ಕಳೂ ಒಂದಲ್ಲ ಒಂದು ಕಾಲಕ್ಕೆ ಕಣ್ಣಪ್ಪನ ವೇಷ ತೊಟ್ಟವರು.

ವೇಷ ಅಲ್ಲಿಗೇ ನಿಲ್ಲಲಿಲ್ಲ. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ರಾಜ್‌ಕುಮಾರ್ ಹೆಸರಿನ ನೇತ್ರ ಭಂಡಾರ ಆರಂಭವಾದಾಗ ಅವರು ತಮ್ಮ ಕಣ್ಣುಗಳನ್ನು ಬರೆದುಕೊಟ್ಟರು. 2006ರ ಆ ಗಲಾಟೆಯ ನಡುವೆಯೂ ಆ ಮಾತು ನಡೆಯಿತು. 2017ರಲ್ಲಿ ಪಾರ್ವತಮ್ಮನವರು ತೀರಿಕೊಂಡಾಗ ಅವರ ಕಣ್ಣುಗಳೂ ದಾನವಾದವು. 2021ರಲ್ಲಿ ಪುನೀತ್ ಅವರವು. ಅದೇ ವರ್ಷದ ಜೂನ್‌ನಲ್ಲಿ ಅಪಘಾತಕ್ಕೆ ಸಿಕ್ಕಿ ತೀರಿಕೊಂಡ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಮನೆಯವರು ದಾನ ಮಾಡಿದ್ದನ್ನೂ ಇಲ್ಲಿ ನೆನೆಯಬೇಕು.

ಪುನೀತ್ ಕಣ್ಣುಗಳು ನಾಲ್ವರಿಗೆ ದೃಷ್ಟಿ ಕೊಟ್ಟವು ಎಂದು ವೈದ್ಯರು ಹೇಳಿದಾಗ ಎರಡು ಕಣ್ಣು ನಾಲ್ವರಿಗೆ ಹೇಗೆ ಎಂದು ಕೇಳದವರಿಲ್ಲ. ದಾನದಲ್ಲಿ ಇಡೀ ಕಣ್ಣುಗುಡ್ಡೆಯನ್ನು ಇನ್ನೊಬ್ಬರಿಗೆ ಕೂಡಿಸುವುದಿಲ್ಲ. ಅದು ಸಾಧ್ಯವೂ ಇಲ್ಲ. ಬಳಸುವುದು ಮುಂಭಾಗದ ಪಾರದರ್ಶಕ ಪೊರೆಯನ್ನು, ಅಂದರೆ ಕಾರ್ನಿಯಾ ಅಥವಾ ಪಾರಪಟಲವನ್ನು. ಗಡಿಯಾರದ ಮೇಲಿನ ಗಾಜಿನಂತೆ ಎನ್ನಿ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅಷ್ಟರೊಳಗೇ ಹಲವು ಪದರಗಳು. ಹಿಂಬದಿಯಲ್ಲಿ ಒಂದೇ ಸಾಲಿನ ಜೀವಕೋಶಗಳಿವೆ. ಪೊರೆಯೊಳಗೆ ಇಳಿದ ನೀರನ್ನು ಸದಾ ಹೊರಹಾಕಿ ಅದನ್ನು ತಿಳಿಯಾಗಿಡುವುದು ಅವುಗಳ ಕೆಲಸ. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ, ಪೊರೆ ಊದಿಕೊಂಡು ಮಂಜಾಗುತ್ತದೆ. ಕೆಲವು ರೋಗಿಗಳಿಗೆ ಕೆಟ್ಟಿರುವುದು ಈ ಹಿಂಬದಿ ಮಾತ್ರ, ಇನ್ನು ಕೆಲವರಿಗೆ ಮುಂಬದಿ ಮಾತ್ರ. ಹಿಂದೆಲ್ಲ ಇಬ್ಬರಿಗೂ ಪೂರ್ತಿ ಕಾರ್ನಿಯಾ ಬದಲಿಸುತ್ತಿದ್ದರು. ಈಗ ಅದನ್ನು ಎರಡು ಪದರವಾಗಿ ಸೀಳಿ ಮುಂಭಾಗವನ್ನು ಒಬ್ಬರಿಗೆ, ಹಿಂಭಾಗವನ್ನು ಮತ್ತೊಬ್ಬರಿಗೆ ಕೂಡಿಸುವ ಕೌಶಲ ಬಂದಿದೆ. ಡಾ. ಕೆ. ಭುಜಂಗ ಶೆಟ್ಟಿಯವರ ನೇತೃತ್ವದ ತಂಡ ಮಾಡಿದ್ದು ಇದನ್ನೇ.

ಆ ವಾರಗಳಲ್ಲಿ ರಾಜ್ಯದ ನೇತ್ರ ಭಂಡಾರಗಳಿಗೆ ಹಿಂದೆಂದೂ ಕಾಣದಷ್ಟು ಜನ ಬಂದರು. ಕೆಲವು ಊರುಗಳಲ್ಲಿ ಗುಂಪು ಗುಂಪಾಗಿ ಹೆಸರು ಬರೆಸಿದರು. ಕಣ್ಣು ತೆಗೆಸಿಕೊಂಡರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತೇವೆ ಎಂಬ ಹಳೆಯ ಅಂಜಿಕೆಯನ್ನು ಎಷ್ಟು ಭಿತ್ತಿಪತ್ರ ಅಂಟಿಸಿದರೂ ಅಳಿಸಲಾಗಿರಲಿಲ್ಲ. ಮುಖ ವಿಕಾರವಾಗುತ್ತದೆ ಎಂಬ ಇನ್ನೊಂದು ಭಯಕ್ಕೆ ಕ್ರೀಡಾಂಗಣದ ಎರಡು ರಾತ್ರಿಗಳೇ ಉತ್ತರವಾದವು. ಲಕ್ಷಾಂತರ ಜನ ಅಂದು ನೋಡಿದ ಮುಖ, ಕಣ್ಣು ಕೊಟ್ಟ ಮೇಲಿನ ಮುಖ. ಯಾರಿಗೂ ಏನೂ ಕಾಣಲಿಲ್ಲ.

ಹೆಸರು ಬರೆಸಿದವರಿಗೆ ಒಂದು ವಿಷಯ ಗೊತ್ತಿರಬೇಕು. ಕಾರ್ಡು ಜೇಬಿನಲ್ಲಿದ್ದರೆ ಸಾಲದು. ಸಾವಿನ ನಂತರ ಸುಮಾರು ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಫೋನ್ ಮಾಡಿ ತಿಳಿಸಬೇಕಾದವರು, ಒಪ್ಪಿಗೆ ಕೊಡಬೇಕಾದವರು ಮನೆಯವರು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕು, ತಲೆಯ ಮೇಲೆ ಫ್ಯಾನ್ ತಿರುಗಬಾರದು. ಹದಿನೈದು ಇಪ್ಪತ್ತು ನಿಮಿಷದ ಕೆಲಸ. ವಯಸ್ಸಾದವರು, ಕನ್ನಡಕದವರು, ಸಕ್ಕರೆ ಕಾಯಿಲೆಯವರು, ಪೊರೆಯ ಶಸ್ತ್ರಚಿಕಿತ್ಸೆ ಆದವರು, ಯಾರು ಬೇಕಾದರೂ ಕೊಡಬಹುದು. ಎಚ್‌ಐವಿ, ಹೆಪಟೈಟಿಸ್, ರೇಬೀಸ್‌ನಂಥ ಸೋಂಕಿದ್ದರೆ ಮಾತ್ರ ತೆಗೆದುಕೊಳ್ಳುವುದಿಲ್ಲ. ಪುನೀತ್ ಹೆಸರಿನಲ್ಲಿ ಕಾರ್ಡು ಪಡೆದ ಎಷ್ಟು ಯುವಕರು ಅದನ್ನು ತಾಯಿಗೋ ಹೆಂಡತಿಗೋ ತೋರಿಸಿದ್ದಾರೋ! ತೋರಿಸಿಲ್ಲದಿದ್ದರೆ ಆ ಕಾರ್ಡಿನಿಂದ ಯಾರಿಗೂ ಬೆಳಕು ಬರುವುದಿಲ್ಲ.

ಅಂದಿನಿಂದ ಅಭಿಮಾನಿಗಳಲ್ಲಿ ಒಂದು ಆಸೆ ಉಳಿದಿದೆ. ಆ ನಾಲ್ವರು ಯಾರು? ಒಮ್ಮೆ ಅವರನ್ನು ನೋಡಬೇಕು, ಅವರ ಕಣ್ಣಿನಲ್ಲಿ ಅಪ್ಪುವನ್ನು ನೋಡಬೇಕು. ವೈದ್ಯರು ಹೆಸರು ಹೇಳಲಿಲ್ಲ. ಎಲ್ಲರೂ ಕರ್ನಾಟಕದ ಎಳೆಯ ವಯಸ್ಸಿನವರು, ಮೂವರು ಗಂಡಸರು, ಒಬ್ಬ ಹೆಂಗಸು ಎಂಬಷ್ಟನ್ನೇ ತಿಳಿಸಿದರು. ಹೇಳಿದ್ದರೂ ನೋಡಲು ಅಲ್ಲಿ ಏನೂ ಇರುವುದಿಲ್ಲ. ಕಣ್ಣಿನ ಬಣ್ಣ ಇರುವುದು ಒಳಗಿನ ಪೊರೆಯಲ್ಲಿ, ಅದು ಅವರವರದ್ದೇ. ಕಾರ್ನಿಯಾಕ್ಕೆ ಬಣ್ಣವಿಲ್ಲ, ಗುರುತಿಲ್ಲ. ಆ ನಾಲ್ವರಲ್ಲಿ ಯಾರಾದರೂ ಒಂದು ಅಕ್ಟೋಬರ್ 29ರಂದು ಕಂಠೀರವ ಸ್ಟುಡಿಯೋದ ಸಾಲಿನಲ್ಲಿ ಹೂವು ಹಿಡಿದು ನಿಂತಿದ್ದರೆ ಹಿಂದೆ ಮುಂದೆ ನಿಂತವರಿಗೆ ತಿಳಿಯುವಂತಿಲ್ಲ.